ಬಂದಿಲ್ಲ ಎಂದು ನಾನು ಹೇಳಿದ ನಾಲ್ಕು ತಾಟು

ಅಕ್ಕೋರೇ, ಆ ನಾಲ್ಕು ತಾಟು ಬಂದಿದ್ದವು. ನೀವು ಕೇಳಿದಾಗ ಬಂದಿಲ್ಲ ಎಂದೆ. ಸುಳ್ಳು ಹೇಳಿದೆ. ಹತ್ತು ವರ್ಷ ಅವು ನನ್ನ ಮನೆಯ ಅಟ್ಟದ ಮೇಲೆ, ಹಳೆ ಸೀರೆಯೊಳಗೆ ಇದ್ದವು.

ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ಅಕ್ಷರಕ್ಕೆ ಅಕ್ಷರ ಕೂಡಿಸಿ ಬರೆಯುತ್ತಿದ್ದೇನೆ. ಮೊಮ್ಮಗಳ ಕೈಯಲ್ಲಿ ಬರೆಸಬಹುದಿತ್ತು — ಆದರೆ ಅವಳು ಮೆತ್ತಗೆ ಮಾಡಿ ಬರೆದಾಳು, ಅಜ್ಜಿಯನ್ನು ಉಳಿಸಲು ನೋಡಿಯಾಳು. ಅದು ಬೇಡ. ನಿಮಗೆ ಗೊತ್ತಿರುವುದನ್ನೂ ಬರೆಯುತ್ತೇನೆ, ಬೇರೆಯವರು ಓದಿದರೂ ತಿಳಿಯಲಿ.

ಕಾರವಾರದ ಹೊರಗೆ, ಹೆದ್ದಾರಿಯ ಬದಿಗೆ ನಮ್ಮ ಕನ್ನಡ ಶಾಲೆ. ಅಕ್ಕೋರು ಅಲ್ಲಿ ಮುಖ್ಯ ಶಿಕ್ಷಕಿ; ನಾನು ಬಿಸಿಯೂಟ ಬೇಯಿಸುವವಳು. ಮೊದಲು ಸುತ್ತಲೂ ಗದ್ದೆ, ಮಕ್ಕಳಿಗೆ ಅದೊಂದೇ ಶಾಲೆ. ಆಮೇಲೆ ಗದ್ದೆಗೆ ಮಣ್ಣು ಬಿತ್ತು, ಬಿಲ್ಡಿಂಗುಗಳು ಎದ್ದವು, ನೌಕರಿಯವರು ಬಂದು ತುಂಬಿದರು. ಅವರ ಹಿಂದೆಯೇ ಶಾಲೆಗಳೂ ಬಂದವು. ಒಂದು ಇಂಗ್ಲಿಷ್ ಶಾಲೆ, ಅದಕ್ಕೆ ಎದುರಾಗಿ ಇನ್ನೊಂದು, ಬೇಕರಿಯ ಮೇಲಿನ ಮಾಳಿಗೆಯಲ್ಲಿ ಪಿಯು ಕಾಲೇಜು. ಬೆಳಿಗ್ಗೆ ಕ್ರಾಸಿನಲ್ಲಿ ಹಳದಿ ವ್ಯಾನುಗಳ ಸಾಲು. ಯಾರ ಮಗು ಯಾವ ವ್ಯಾನು ಹತ್ತುತ್ತದೆ ಎಂದು ನಿಂತು ನೋಡುತ್ತಿದ್ದೆ. ನನಗೆ ಎಲ್ಲರ ಮೇಲೂ ಸಂಶಯ. ಕಾಲೇಜಿನ ಬೋರ್ಡಿನಲ್ಲಿ ನಗುವ ಹುಡುಗಿಯ ಮೇಲೂ ಸಂಶಯ — ಅವಳು ಅಲ್ಲೇ ಓದಿ ಪಾಸಾದವಳು ಎಂದು ಯಾರು ಕಂಡಿದ್ದಾರೆ? ಈಗಲೂ ಆ ಬೋರ್ಡನ್ನು ನಾನು ನಂಬುವುದಿಲ್ಲ. ಅದಿರಲಿ.

ಮಕ್ಕಳು ಕಡಿಮೆಯಾದರೆ ಅಡುಗೆಯವರಿಬ್ಬರಲ್ಲಿ ಒಬ್ಬಳನ್ನು ತೆಗೆಯುತ್ತಾರೆ ಎಂಬ ಸುದ್ದಿ ಹಬ್ಬಿತ್ತು. ಇಬ್ಬರಲ್ಲಿ ವಯಸ್ಸಾದವಳು ನಾನೇ.

ನಮ್ಮ ಶಾಲೆಯಲ್ಲಿ ಪ್ರತಿ ಮಗುವಿಗೂ ಊಟಕ್ಕೆ ಒಂದು ಸ್ಟೀಲಿನ ತಾಟು. ಹಿಂಬದಿಗೆ ಹೆಸರು ಕೊರೆಸಿರುತ್ತಿದ್ದರು. ಶಾಲೆ ಬಿಡುವ ಮಗು ತನ್ನ ತಾಟನ್ನು ಮನೆಗೆ ಒಯ್ಯುವುದು ರೂಢಿ. ಹಾಗಾಗಿ ಕಾಗದಪತ್ರ ಆಗುವ ಮೊದಲೇ ನನಗೆ ಗೊತ್ತಾಗುತ್ತಿತ್ತು — ಹಲಗೆಯ ಮೇಲಿಂದ ಒಂದು ತಾಟು ಹೋಯಿತೆಂದರೆ ಒಂದು ಮಗು ವ್ಯಾನು ಹತ್ತಿತು. ಹೆಸರು ನಾನು ಓದುತ್ತಿರಲಿಲ್ಲ. ಎಣಿಸುತ್ತಿದ್ದೆ, ಅಷ್ಟೇ.

ಆ ಶನಿವಾರ ಅಕ್ಕೋರು ತಾವೇ ನಾಲ್ಕು ತಾಟು ತೆಗೆದು ಚೀಲಕ್ಕೆ ಹಾಕಿಕೊಂಡರು. ಹಿಂದಿನ ವಾರ ಅವರು ಇಂಗ್ಲಿಷ್ ಶಾಲೆಯ ಮ್ಯಾನೇಜರನ ಜೊತೆ ಗೇಟಿನಲ್ಲಿ ಮಾತಾಡಿದ್ದನ್ನೂ ಕಂಡಿದ್ದೆ. ಎರಡನ್ನೂ ಜೋಡಿಸಿದೆ. ಕೇಳಬಹುದಿತ್ತು, ಹತ್ತು ಹೆಜ್ಜೆ ದೂರದಲ್ಲಿದ್ದರು — ಕೇಳಲಿಲ್ಲ. ಕೇಳಿದರೆ ನಿಜ ಹೇಳುತ್ತಾರೆಯೇ ಎಂದುಕೊಂಡೆ. ಅವರು ಮ್ಯಾನೇಜರನಿಗೆ ಹೇಳಿದ್ದು, ನಮ್ಮ ಗೇಟಿನ ಮುಂದೆ ವ್ಯಾನು ನಿಲ್ಲಿಸಬೇಡಿ ಎಂದು. ಅದು ನನಗೆ ಗೊತ್ತಾದದ್ದು ಎಷ್ಟೋ ದಿನಗಳ ಮೇಲೆ.

ಮರುದಿನ ಭಾನುವಾರ, ಪಾಲಕರ ಸಭೆ. ಬಾದಾಮಿ ಮರದ ಕೆಳಗೆ ಎಲ್ಲರೂ ಕೂತಿದ್ದರು. ಚಹಾ ಕೊಡುತ್ತಿದ್ದವಳು ನಾನು, ಕಿಟ್ಲಿ ಕೆಳಗಿಟ್ಟು ಹೇಳಿಬಿಟ್ಟೆ:

“ನೀವೆಲ್ಲ ಚಾ ಕುಡೀತಾ ಕೂತ್ಕಣಿ. ಅಕ್ಕೋರು ನಿಮ್ ಮಕ್ಳನ್ನ ವ್ಯಾನಿನ ಸಾಲೆಗೆ ಸಾಗಿಸ್ತಾ ಅವ್ರೆ. ನಿನ್ನೆ ನಾಲ್ಕ್ ತಾಟು ಹೋಯ್ತು, ನಾ ಕಣ್ಣಾರೆ ಕಂಡೆ. ಪುಕ್ಕಟೆ ಯಾರಾದ್ರೂ ಇಂಥ ಕೆಲ್ಸ ಮಾಡ್ತ್ರಾ?”

ಒಬ್ಬ ತಂದೆ ನಕ್ಕ. “ಹೊನ್ನಕ್ಕನ ಲೆಕ್ಕ ತಪ್ಪೂದಿಲ್ಲ ಮಾರಾಯ್ರೆ. ಅವ್ಳು ಸಾರಿನ ಹೋಳನ್ನೂ ಎಣಿಸೇ ಬಡಿಸೂದು!” ಎಲ್ಲರೂ ನಕ್ಕರು. ಆಮೇಲೆ ಎಲ್ಲರೂ ಅಕ್ಕೋರ ಕಡೆ ತಿರುಗಿದರು.

ಅಕ್ಕೋರು ಎದ್ದು ನಿಂತರು. “ಬಿಲ್ಡಿಂಗ್ ಕಟ್ಟೋರ ಶೆಡ್ಡಿನಲ್ಲಿ ನಾಲ್ಕು ಮಕ್ಳಿದ್ದಾರೆ. ಅವ್ರನ್ನ ಸಾಲೆಗೆ ಸೇರಿಸ್ಕೊಳ್ತೇನೆ. ಬಿಟ್ಟುಹೋದೋರು ಒಯ್ಯದೇ ಇದ್ದ ತಾಟಿಗೆ ಅವ್ರ ಹೆಸ್ರು ಹಾಕ್ಸೂಕೆ ಕೊಟ್ಟಿದ್ದೇನೆ. ಮಂಗಳವಾರ ಬರ್ತದೆ. ನೀವೇ ನೋಡಿ.”

“ಶೆಡ್ಡಿನ ಮಕ್ಳಿಗೆ ಹೆಸ್ರಿನ ತಾಟು! ಎಂಥ ಕತೆ ಹೇಳ್ತ್ರಿ ಅಕ್ಕೋರೇ,” ಎಂದಿತು ಒಂದು ಗಂಡುದನಿ.

ಪಾಲಕರು ಅಲ್ಲೇ ಅಕ್ಕೋರ ಮೇಲೆ ಆಫೀಸಿಗೆ ತಕರಾರು ಅರ್ಜಿ ಬರೆದರು. ಮೊದಲ ಸಹಿ ನನ್ನದು. ಎಷ್ಟು ಚಂದ ಬರೆದಿದ್ದೆ ಆ ದಿನ ಹೆಸರು!

ಸೋಮವಾರ ಊಟಕ್ಕೆ ಒಂದು ಮಗುವಿಗೂ ತಾಟು ಕಡಿಮೆ ಬೀಳಲಿಲ್ಲ. ಎರಡು ಸಲ ಎಣಿಸಿದೆ. ಮಕ್ಕಳು ಶನಿವಾರ ಇದ್ದಷ್ಟೇ, ಅಷ್ಟಕ್ಕೂ ತಾಟು ಇತ್ತು. ಹಾಗಾದರೆ ಹೋದ ನಾಲ್ಕು ಮೊದಲೇ ಬಿಟ್ಟುಹೋದವರವು — ಆದರೂ ಇದರಲ್ಲಿ ಬೇರೇನೋ ಇದ್ದೀತು ಎಂದುಕೊಂಡೆ.

ಮಂಗಳವಾರ ಅಕ್ಕೋರನ್ನು ವಿಚಾರಣೆಗೆಂದು ಪೇಟೆಯ ಆಫೀಸಿಗೆ ಕರೆಸಿದ್ದರು. ರಿಕ್ಷಾದ ಗಣಪತಿ ಅಡುಗೆಕೋಣೆಯ ಬಾಗಿಲಿಗೆ ಬಂದು ಒಂದು ಕಟ್ಟು ಇಟ್ಟ. “ಪಾತ್ರೆ ಅಂಗಡಿಯವ್ರು ಕೊಟ್ರು, ಅಕ್ಕೋರಿಗೆ,” ಎಂದು ಹೋದ. ಪೇಪರು ಬಿಚ್ಚಿ ತಾಟು ತಿರುಗಿಸಿದೆ. ಹಳೆ ಹೆಸರಿನ ಮೇಲೆ ಗೀಟು, ಕೆಳಗೆ ಹೊಸ ಹೆಸರು. ಬೆರಳಿಟ್ಟು ಓದಿದೆ. ನಾಲ್ಕನೆಯದಕ್ಕೆ ಬಹಳ ಹೊತ್ತು ಹಿಡಿಯಿತು. ಹು-ಲಿ-ಗೆ-ಮ್ಮ. ನಮ್ಮ ಕಡೆ ಯಾರೂ ಈ ಹೆಸರು ಇಡುವುದಿಲ್ಲ. ಇದು ಘಟ್ಟದ ಆಚೆಯ ಹೆಸರು, ಶೆಡ್ಡಿನವರದು. ಅಕ್ಕೋರು ಹೇಳಿದ್ದು ಅಕ್ಷರಕ್ಕೆ ಅಕ್ಷರ ನಿಜ, ಅದರ ಸಾಕ್ಷಿ ನನ್ನ ಕೈಯಲ್ಲಿತ್ತು. ಸೆರಗಿನಡಿ ಮುಚ್ಚಿ ಮನೆಗೆ ಒಯ್ದೆ.

ಮರುದಿನ ಅವರು ಬಂದು ಕೇಳಿದರು: “ಹೊನ್ನಕ್ಕ, ತಾಟು ಬಂದ್ವಾ?”

“ಬಂದಿಲ್ಲ.”

ನನ್ನ ಮುಖವನ್ನೇ ನೋಡಿದರು. ಗಣಪತಿಯನ್ನು ವಿಚಾರಿಸಿಯೇ ಬಂದಿದ್ದರೋ ಏನೋ — ಮತ್ತೆ ಕೇಳಲಿಲ್ಲ. ಆ ತಿಂಗಳೊಳಗೆ ಅವರನ್ನು ಅಂಕೋಲೆ ತಾಲ್ಲೂಕಿಗೆ, ಅಗಸೂರಿನಿಂದಲೂ ಒಳಗಿನ ಊರೊಂದಕ್ಕೆ ಹಾಕಿದರು. ಅವರು ಹೋದ ಮೂರನೇ ದಿನ ಶೆಡ್ಡಿನ ಹೆಂಗಸೊಬ್ಬಳು ನಾಲ್ಕು ಮಕ್ಕಳ ತಲೆಗೆ ಎಣ್ಣೆ ಹಚ್ಚಿ ಬಾಚಿ ಕರೆದುಕೊಂಡು ಬಂದಳು. ಟೀಚರ್ ಎಲ್ಲಿ ಎಂದಳು. “ಅಕ್ಕೋರಿಲ್ಲ,” ಎಂದೆ. ಬೇರೆ ಮಾಸ್ತರರನ್ನು ಕರೆಯಬಹುದಿತ್ತು. ಕರೆದರೆ ತಾಟಿನ ಮಾತು ಬರುತ್ತದೆ. ಅವಳು ಮಕ್ಕಳನ್ನು ಹಿಂದೆ ಕರೆದುಕೊಂಡು ಹೋದಳು.

ಆ ಪಾಲಕರೆಲ್ಲ ಮುಂದಿನ ಜೂನಿನಲ್ಲಿ ತಾವೇ ಮಕ್ಕಳನ್ನು ವ್ಯಾನು ಹತ್ತಿಸಿದರು. ನನ್ನ ಕೆಲಸವೂ ಉಳಿಯಲಿಲ್ಲ.

ಕಳೆದ ತಿಂಗಳು ಬಸಳೆ ಮಾರಲು ಒಂದು ಬಿಲ್ಡಿಂಗಿಗೆ ಹೋಗಿದ್ದೆ. ಮೇಲಿನಿಂದ ಯಾರೋ “ಹುಲಿಗೆಮ್ಮಾ!” ಎಂದು ಕೂಗಿದರು. ಬುಟ್ಟಿ ಇಳಿಸಿ ನಿಂತುಬಿಟ್ಟೆ. ಹದಿನಾರು ವರ್ಷದ ಹುಡುಗಿ, ಮೆಟ್ಟಿಲು ಒರೆಸುತ್ತಿದ್ದಳು. ಅವಳ ಅಪ್ಪ ಈಗ ಅಲ್ಲೇ ವಾಚ್‌ಮನ್. ಅವಳ ಪ್ರಾಯದ ಹುಡುಗಿಯರು ಚೀಲ ಹಾಕಿಕೊಂಡು, ಒದ್ದೆ ಮೆಟ್ಟಿಲು ದಾಟಿ, ಕಾಲೇಜಿನ ಬಸ್ಸಿಗೆ ಓಡುತ್ತಿದ್ದರು. ಶಾಲೆಗೆ ಹೋಗಿದ್ದೆಯಾ ಎಂದು ಕೇಳಿದೆ.

“ಇಲ್ರೀ ಆಯಿ. ಸಣ್ಣಾಕಿ ಇದ್ದಾಗ ಒಬ್ರು ಟೀಚರ್ ಶೆಡ್ಡಿಗೆ ಬಂದು, ಸಾಲಿಗೆ ಹಚ್ಚತೀನಿ, ನಿನ್ನ ಹೆಸರಿನ ತಾಟ ಕೊಡ್ತೀನಿ ಅಂದಿದ್ರು. ಹೋದ್ರ ಅವ್ರ ಇರಲಿಲ್ಲ. ಸುಳ್ಳ ಹೇಳಿದ್ರು.”

ಆಗಲೂ ನಾನು ಬಸಳೆಯ ಬುಟ್ಟಿ ಎತ್ತಿಕೊಂಡೆ. ಮನೆಗೆ ಬಂದೆ. ಎರಡು ದಿನ ಬಿಟ್ಟು ಅವಳ ಹೆಸರಿನ ತಾಟು ಒಯ್ದು ಕೊಟ್ಟೆ. ಅವಳು ಹಿಂದೆ ಮುಂದೆ ತಿರುಗಿಸಿದಳು.

“ಏನ ಬರದೈತ್ರೀ ಆಯಿ ಇದ್ರಾಗ?”

ನಾನು — ಮೂರನೇ ಇಯತ್ತೆಯವಳು — ಬೆರಳಿಟ್ಟು ಅವಳ ಹೆಸರನ್ನು ಅವಳಿಗೆ ಓದಿ ಹೇಳಿದೆ. ಆಮೇಲೆ ನಾನು ಮಾಡಿದ್ದನ್ನೂ ಹೇಳಿದೆ. ಅವಳು ಓಢಣಿಯಿಂದ ತಾಟು ಒರೆಸಿದಳು. “ಹಂಗಾರ ಟೀಚರ್ ಸುಳ್ಳ ಹೇಳಿರಲಿಲ್ಲ,” ಎಂದಳು. ನನ್ನ ಕಡೆ ನೋಡದೆ ಬಕೆಟ್ ಎತ್ತಿಕೊಂಡು ಮೇಲೆ ಹೋದಳು.

ಅಕ್ಕೋರೇ, ಬರುವ ಭಾನುವಾರ ನಮ್ಮ ಶಾಲೆಯಲ್ಲಿ ಪಾಲಕರ ಸಭೆ. ಈಗ ಬರುವವರು ಕೆಲವೇ ಜನ. ಉಳಿದ ಮೂರು ತಾಟು ಹಿಡಿದು ಅದೇ ಬಾದಾಮಿ ಮರದ ಕೆಳಗೆ ನಿಂತು ಹೇಳುತ್ತೇನೆ — ಯಾರು ನಿಜ ಹೇಳಿದರು, ಯಾರು ಬಚ್ಚಿಟ್ಟರು ಎಂದು. ಅಲ್ಲಿಂದ ಅಂಕೋಲೆಯ ಬಸ್ಸು ಹತ್ತಿ ನಿಮ್ಮ ಮನೆಗೆ ಬರುತ್ತೇನೆ. ಕ್ಷಮಿಸಿ ಎನ್ನಲು ನನಗೆ ಮುಖವಿಲ್ಲ. ಆ ದಿನ ನೀವು ಕೇಳಿದ್ದಕ್ಕೆ ಉತ್ತರ ಕೊಟ್ಟು ಹೋಗುತ್ತೇನೆ.

ತಾಟು ಬಂದಿವೆ, ಅಕ್ಕೋರೇ.