ಒಲೆ ಮುಚ್ಚುವ ಹಲಗೆ

ನನ್ನ ಗಂಡ ತೀರಿಕೊಂಡ ಮೇಲೂ ನಾನು ರೋಣದಲ್ಲೇ ಉಳಿದೆ. ನಮಗೆ ಮಕ್ಕಳಿರಲಿಲ್ಲ. ನರಗುಂದದಿಂದ ನನ್ನ ತಮ್ಮ ಬಂದು, ನಮ್ಮ ಮನೆಗೆ ನಡಿ ಎಂದು ಕರೆದ. ಅವನ ಮನೆಗೆ ಆಗಷ್ಟೇ ಸೊಸೆ ಬಂದಿದ್ದಳು. ಇದ್ದ ಜಾಗದಲ್ಲಿ ಅವರೇ ಸರಿದುಕೊಂಡು ಮಲಗುತ್ತಿದ್ದರು. ಹಬ್ಬಕ್ಕೆ ಬರುತ್ತೇನೆ ಬಿಡು ಅಂದೆ. ಅವನು ಒಂದೇ ಸಲ ಕರೆದ, ನಾನು ಒಂದೇ ಸಲ ಬೇಡವೆಂದೆ. ಇಬ್ಬರಿಗೂ ಅಷ್ಟು ಸಾಕಾಗಿತ್ತು.

ನಮ್ಮ ಮನೆಯವರು ಬಡಗಿ. ಮುಂದೆ ಅಂಗಡಿ, ಹಿಂದೆ ಮನೆ. ಕೊಯ್ಯುವುದು, ಜೋಡಿಸುವುದು ಅವರ ಕೆಲಸ; ಉಜ್ಜಿ ಪಾಲಿಶ್ ಮಾಡುವುದು ನನ್ನದು. ಹಲಗೆಯ ಮೇಲೆ ಒಮ್ಮೆ ಕೈಯಾಡಿಸಿದರೆ ಎಲ್ಲಿ ಸಿಬಿರು ಉಳಿದಿದೆ ಎಂದು ನನ್ನ ಅಂಗೈಗೆ ತಿಳಿಯುತ್ತಿತ್ತು. ಅವರು ಹೋದ ಮೇಲೆ ಅಂಗಡಿಯನ್ನೂ ಮನೆಯನ್ನೂ ಬಿಟ್ಟೆ. ದೊಡ್ಡ ಸಾಮಾನುಗಳನ್ನೆಲ್ಲ ಕಟ್ಟಿಗೆ ಅಡ್ಡೆಯ ಅವರ ಗೆಳೆಯನಿಗೆ ಒಪ್ಪಿಸಿ, ಹಲಗೆ ಹೆರೆಯುವ ರಂದಾ, ಉಳಿಗಳು, ಒಂದು ಸಣ್ಣ ಗರಗಸ ಮತ್ತು ಒಂದಿಷ್ಟು ಉಳಿದ ಹಲಗೆ ತುಂಡುಗಳನ್ನು ಕಟ್ಟಿಕೊಂಡು ಒಂದು ಕೋಣೆಯ ಬಾಡಿಗೆ ಮನೆಗೆ ಬಂದೆ.

ಆ ಕೋಣೆಯ ಮೂಲೆಯೇ ಅಡಿಗೆಮನೆ. ಗೋಡೆಗೆ ಸೇರಿಸಿ ಹಾಸಿದ ಒಂದು ಕಡಪಾ ಕಲ್ಲು, ಅದೇ ಕಟ್ಟೆ. ಗ್ಯಾಸ್ ಒಲೆ ಇಟ್ಟರೆ ಬದಿಗೆ ಒಂದು ತಾಟು ಇಡಲೂ ಜಾಗವಿಲ್ಲ. ನೆಲದ ಮೇಲೆ ಕೂತು ರೊಟ್ಟಿ ಬಡಿಯೋಣವೆಂದರೆ ಮೊಣಕಾಲು ಕೇಳುವುದಿಲ್ಲ. ಕೂತರೆ ಏಳಲು ಗೋಡೆ ಹಿಡಿಯಬೇಕು. ಹೀಗಾಗಿ ಪೇಟೆಯಿಂದ ಖಡಕ್ ರೊಟ್ಟಿ ತಂದು ದಿನ ಕಳೆಯತೊಡಗಿದೆ. ಒಬ್ಬಳೇ ಇರುವವಳಿಗೆ ಅಡಿಗೆ ಬಿಡಲು ಕಾರಣ ಬೇಗ ಸಿಗುತ್ತದೆ. ಮೊದಲು ಪಲ್ಯ ಬಿಟ್ಟೆ, ಆಮೇಲೆ ಬೇಳೆ. ಒಂದು ದಿನ ಮಧ್ಯಾಹ್ನ ನೀರಲ್ಲಿ ಅದ್ದಿದ ರೊಟ್ಟಿಯನ್ನು ನಿಂತುಕೊಂಡೇ ತಿನ್ನುತ್ತಿದ್ದಾಗ, ಇದನ್ನು ಅವರು ನೋಡಿದ್ದರೆ ಏನನ್ನುತ್ತಿದ್ದರು ಎಂದು ಅನಿಸಿತು. ಅಂದೇ ಒಲೆಯ ಅಳತೆ ತೆಗೆದೆ.

ಮೊದಲ ಹಲಗೆ ಮಾಡುವುದು ಸುಲಭವಾಯಿತು. ಮೇಲೊಂದು ಪ್ಲೈವುಡ್ ತುಂಡು, ಸುತ್ತ ಒಲೆಗಿಂತ ತುಸು ಎತ್ತರದ ಪಟ್ಟಿ, ಹಿಂದೆ ಪೈಪು ಹಾಯಲು ಒಂದು ಕಚ್ಚು. ಒಲೆ ಆರಿದ ಮೇಲೆ ಮುಚ್ಚಿದರೆ ಅದೇ ಕಟ್ಟೆ. ಹಿಟ್ಟು ನಾದಬಹುದು, ಕಾಯಿಪಲ್ಲೆ ಹೆಚ್ಚಬಹುದು. ನಾದುವಾಗ ಜಾರಬಾರದೆಂದು ಕಲ್ಲಿನ ಅಂಚಿಗೆ ಕಚ್ಚಿಕೊಳ್ಳುವ ಹಾಗೆ ಮುಂದೆ ಒಂದು ಪಟ್ಟಿ ಇಳಿಬಿಟ್ಟೆ. ಅದನ್ನೆಲ್ಲ ಮುಗಿಸಿ, ಹಿಟ್ಟು ನಾದಿ, ಮೊದಲ ರೊಟ್ಟಿ ಬಡಿದ ಮೇಲೆ ನನಗೆ ಹೊಳೆಯಿತು: ಒಲೆ ಹಲಗೆಯ ಕೆಳಗಿದೆ, ರೊಟ್ಟಿ ಹಲಗೆಯ ಮೇಲಿದೆ, ಹಂಚು ಎಲ್ಲಿಡಲಿ? ಜೋಳದ ರೊಟ್ಟಿ ಕಾಯುವುದಿಲ್ಲ. ಬಡಿದ ಕೂಡಲೇ ಹಂಚಿಗೆ ಬೀಳಬೇಕು. ಆ ರೊಟ್ಟಿಯನ್ನು ಮತ್ತೆ ಮುದ್ದೆ ಮಾಡುತ್ತ ಒಬ್ಬಳೇ ನಕ್ಕೆ. ನಕ್ಕು ಮುಗಿದ ಮೇಲೆ ಕೋಣೆ ಮೊದಲಿಗಿಂತ ಹೆಚ್ಚು ಸುಮ್ಮನಾಯಿತು.

ಮರುದಿನ ಹಲಗೆಯನ್ನು ನಡುವೆ ಕೊಯ್ದು ಎರಡು ತುಂಡು ಮಾಡಿದೆ. ಒಂದು ಉರಿಯ ಮೇಲೆ ಹಂಚು, ಇನ್ನೊಂದರ ಮೇಲೆ ಅರ್ಧ ಹಲಗೆ. ಉರಿಯ ಕಡೆಯ ಬದಿಗೆ ಕಟ್ಟಿಗೆ ಕಾಯದ ಹಾಗೆ ಅಲ್ಯೂಮಿನಿಯಂ ತಗಡು ಬಡಿದೆ. ಈ ಸಲ ರೊಟ್ಟಿ ಆಯಿತು. ಆದರೆ ಹಲಗೆಯ ಒಳಗೆಲ್ಲ ಪೊಳ್ಳು. ಬಡಿದ ಸದ್ದು ಓಣಿಗೆಲ್ಲ ಕೇಳಿತು. ಪಕ್ಕದ ಕೋಣೆಯಲ್ಲಿ ಹೊಲಿಗೆ ಮಾಡುವ ಹುಡುಗಿಯೊಬ್ಬಳಿದ್ದಳು, ಅವಳು ಬಂದು ಬಾಗಿಲಲ್ಲಿ ನಿಂತಳು.

"ಏನ್ರಿ ಅಕ್ಕಾ, ಮುಂಜಾನೆದ್ದು ಹಲಗಿ ಬಾರ್ಸಾಕ ಹತ್ತೀರಿ, ಯಾರರ ಸತ್ತಾರೇನು?"

ಹೆಣದ ಮುಂದೆ ಬಾರಿಸುವ ಹಲಗೆಯ ಮಾತು ಆಡಿದವಳೇ ನಾಲಿಗೆ ಕಚ್ಚಿಕೊಂಡಳು. ನಾನು ಒಳಗೆ ಕರೆದು ಬಿಸಿ ರೊಟ್ಟಿ ಕೊಟ್ಟೆ. ಅವಳು ಹಲಗೆಯನ್ನು ಎತ್ತಿ ನೋಡಿದಳು, ಇಳಿಸಿ ನೋಡಿದಳು, ತನಗೂ ಒಂದು ಬೇಕು ಅಂದಳು. ಸದ್ದು ತಗ್ಗಲಿ ಎಂದು ಆಮೇಲೆ ಒಳಗೆ ಅಡ್ಡಪಟ್ಟಿ ಕೂರಿಸಿದೆ.

ಅವಳಿಗೆ ಮಾಡಿಕೊಡುವ ಮುಂಚೆ ಇನ್ನೊಂದು ಸಂಗತಿ ನಡೆಯಿತು. ಒಂದು ಮುಂಜಾನೆ ಹಂಚಿನ ಕೆಳಗಿನ ಉರಿ ಹಚ್ಚಲು ಹೋಗಿ, ಹಲಗೆಯ ಕೆಳಗಿನ ಉರಿಯ ಗುಂಡಿ ತಿರುಗಿಸಿದ್ದೆ. ಲೈಟರ್ ಒತ್ತಿದೆ, ಹೊತ್ತಲಿಲ್ಲ. ಮತ್ತೆ ಒತ್ತಿದೆ. ಆಮೇಲೆ ವಾಸನೆ ಬಂತು. ಗ್ಯಾಸು ಹಲಗೆಯ ಕೆಳಗೆ ತುಂಬಿಕೊಳ್ಳುತ್ತಿತ್ತು. ಗುಂಡಿ ತಿರುವಿ, ಸಿಲಿಂಡರ್ ಬಂದ್ ಮಾಡಿ, ಕಿಟಕಿ ಬಾಗಿಲು ತೆಗೆದು ಹೊರಗಿನ ಮೆಟ್ಟಿಲ ಮೇಲೆ ಕೂತೆ. ಮೊದಲಾಗಿದ್ದರೆ ಹೊರಗಿನಿಂದಲೇ, ಏನೋ ವಾಸನಿ ಬರಾಕ ಹತ್ತೇತಿ ನೋಡು ಎಂದು ಕೂಗುವವರೊಬ್ಬರಿದ್ದರು. ಈಗ ನನ್ನ ಮೂಗು ಒಂದೇ. ಯಾರಿಗಾದರೂ ಹೇಳಬೇಕೆನಿಸಿತು. ಹೇಳಿದರೆ ಮನೆಯ ಮಾಲೀಕರು ಹೆದರಿ ಕೋಣೆ ಬಿಡಿಸಿಯಾರು ಎಂದು ಸುಮ್ಮನಾದೆ.

ಆ ದಿನವೆಲ್ಲ ಅದೇ ಯೋಚನೆ. ಸಂಜೆಗೆ ಒಂದು ಉಪಾಯ ಸಿಕ್ಕಿತು. ಹಲಗೆಯ ಮುಂದಿನ ಪಟ್ಟಿಯಲ್ಲಿ ಗುಂಡಿಯ ಕಿವಿ ಕೂರುವಷ್ಟೇ ಸಣ್ಣ ಕಚ್ಚು ಕೊರೆದೆ. ಗುಂಡಿ ಬಂದ್ ಇದ್ದರೆ ಮಾತ್ರ ಹಲಗೆ ಕೆಳಗೆ ಕೂರುತ್ತದೆ, ಕೂತ ಮೇಲೆ ಗುಂಡಿ ತಿರುಗುವುದಿಲ್ಲ. ಹತ್ತಾರು ಸಲ ಇಟ್ಟು ತೆಗೆದು ನೋಡಿದೆ. ಅವರು ಇದ್ದಿದ್ದರೆ ಏನೂ ಅನ್ನುತ್ತಿರಲಿಲ್ಲ, ಕನ್ನಡಕ ತೆಗೆದು ಒರೆಸಿಕೊಂಡು ಇನ್ನೊಮ್ಮೆ ನೋಡುತ್ತಿದ್ದರು. ಅದೇ ಅವರ ಶಭಾಷ್.

ಹೊಲಿಗೆ ಹುಡುಗಿಯಿಂದ ಸುದ್ದಿ ಹಬ್ಬಿತು. ಬಾಡಿಗೆ ಕೋಣೆಗಳವರು ಒಬ್ಬೊಬ್ಬರೇ ಕರೆದರು. ಗಜೇಂದ್ರಗಡದಲ್ಲಿ ಆ ಹುಡುಗಿಯ ಅಕ್ಕನಿದ್ದಳು. ಗಂಡ ನೇಕಾರ, ಮನೆಯ ಮುಕ್ಕಾಲು ಭಾಗ ಮಗ್ಗವೇ. ಅವಳಿಗೊಂದು ಹಲಗೆ ಮಾಡಿ, ಬಟ್ಟೆಯಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದೆ. ಇಟಗಿಯ ಗುಡಿಗೆ ಹೊರಟ ಹೆಂಗಸರು ಕಾಯಿ ಕರ್ಪೂರದ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು, ಇದೇನ್ರಿ ಎಂದು ನನ್ನ ಗಂಟಿನ ಬಗ್ಗೆ ಕೇಳಿದರು. ಒಲೆಯ ಮುಚ್ಚಳ ಎಂದರೆ ಅವರಿಗೆ ಅರ್ಥವಾಗಲಿಲ್ಲ. ಬಿಚ್ಚಿ ತೋರಿಸಿದೆ. ಒಲಿ ಯಾಕ ಮುಚ್ಚಬೇಕು ಎಂದು ಅವರಲ್ಲಿ ಹಿರಿಯಾಕೆ ಕೇಳಿದಳು.

ನೇಕಾರರ ಮನೆಯ ಎದುರು ಒಬ್ಬ ನಿವೃತ್ತ ಬಸ್ ಡ್ರೈವರ್ ಇದ್ದರು. ನಾನು ಹಲಗೆ ಕೂರಿಸುವುದನ್ನು ಬಾಗಿಲಲ್ಲಿ ನಿಂತು ನೋಡಿದರು. ಎಲ್ಲ ಮುಗಿದ ಮೇಲೆ, ತಮ್ಮ ಮನೆಗೂ ಬಂದು ಅಳತೆ ತೆಗೆಯಬಹುದೇ ಎಂದು ಕೇಳಿದರು. ನೇಕಾರರ ಹೆಂಡತಿ ನನ್ನ ಜೊತೆ ಬಂದಳು.

ಅಡಿಗೆಮನೆ ಚೊಕ್ಕಟವಾಗಿತ್ತು, ಡಬ್ಬಿಗಳೆಲ್ಲ ಸಾಲಾಗಿದ್ದವು. ಆದರೆ ಯಾರೂ ಅಡಿಗೆ ಮಾಡದ ಮನೆಗೆ ಒಂದು ತಣ್ಣನೆಯ ವಾಸನೆ ಇರುತ್ತದೆ. ಅದು ಅಲ್ಲಿತ್ತು. ಒಲೆಯ ಮೇಲೆ ಒಂದು ಕಡೆ ಕಬ್ಬಿಣದ ರೊಟ್ಟಿ ಹಂಚು.

"ಎರಡು ತುಂಡು ಬ್ಯಾಡ್ರಿ ಅಕ್ಕಾರ. ಒಲಿ ಪೂರಾ ಮುಚ್ಚಬೇಕು" ಅಂದರು.

ಅಡಿಗೆ ಮಾಡುವಾಗ ಪೂರಾ ಹಲಗೆ ಎತ್ತಿ ಇಡುವುದು ಕಷ್ಟ ಎಂದೆ. ಅಡಿಗೆ ಮಾಡುವುದಿಲ್ಲ, ಊಟಕ್ಕೆ ಖಾನಾವಳಿ ಇದೆ, ಮೇಲೆ ರೇಡಿಯೋ, ಔಷಧಿ ಇಟ್ಟುಕೊಳ್ಳುತ್ತೇನೆ ಎಂದರು. ಅಳತೆ ತೆಗೆಯಲು ನಾನು ಹಂಚಿಗೆ ಕೈ ಹಾಕಿದೆ.

"ಅದನ್ನ ಮುಟ್ಟಬ್ಯಾಡ್ರಿ."

ಗಡುಸಾಗಿ ಹೇಳಿದ್ದಲ್ಲ. ಆದರೂ ನಾನು ಕೈ ಹಿಂದೆ ತೆಗೆದುಕೊಂಡೆ. ಆಮೇಲೆ ಅವರೇ, ಹಂಚು ಅಲ್ಲೇ ಇರಲಿ, ಅದರ ಮೇಲೆ ಬರುವ ಹಾಗೆ ಮಾಡಿ ಎಂದರು.

"ಭಾಳ ಎತ್ತರ ಆಕ್ಕೈತ್ರಿ ಅಣ್ಣಾರ. ಅಷ್ಟು ಎತ್ತರದಾಗ ನಿಂತು ರೊಟ್ಟಿ ಬಡಿಯಾಕ ಬರೂದಿಲ್ಲ."

"ಬಡಿಯಾವ್ರು ಯಾರದಾರ್ರಿ."

ಹೊರಗೆ ಬಂದ ಮೇಲೆ ನೇಕಾರರ ಹೆಂಡತಿ ಹೇಳಿದಳು. ಅವರ ಹೆಂಡತಿ ರೊಟ್ಟಿ ಮಾಡುತ್ತಿದ್ದಾಗಲೇ ಎದೆ ಹಿಡಿದುಕೊಂಡು ಕೂತರಂತೆ. ಇವರು ಒಲೆ ಆರಿಸಿ ದವಾಖಾನೆಗೆ ಕರೆದೊಯ್ದರು. ಆಕೆ ತಿರುಗಿ ಬರಲಿಲ್ಲ. ಮಣ್ಣು ಮಾಡಲು ಬಂದ ನೆಂಟರು ಹಿಟ್ಟು ತೆಗೆದು, ನಾದುವ ಪರಾತ ತೊಳೆದಿಟ್ಟರು. ಹಂಚು ತೆಗೆಯಲು ಮಾತ್ರ ಇವರು ಬಿಡಲಿಲ್ಲ.

ಆ ಮುಚ್ಚಳ ಮಾಡಲು ನನಗೆ ಹೆಚ್ಚು ದಿನ ಹಿಡಿಯಿತು. ಪಟ್ಟಿಗಳನ್ನು ರಂದಾ ಹೊಡೆಯುತ್ತ ನನ್ನ ಮನೆಯನ್ನೇ ನೋಡಿಕೊಂಡೆ. ಹಾಗೇ ಇರಲಿ ಎಂದು ಮುಟ್ಟದೆ ಇಟ್ಟ ವಸ್ತು ನನ್ನಲ್ಲಿ ಒಂದೂ ಇರಲಿಲ್ಲ. ಅವರದೆಂದರೆ ಈ ರಂದಾ, ಈ ಉಳಿ. ಅವನ್ನು ದಿನಾ ಹಿಡಿಯುತ್ತೇನೆ. ರಂದಾದ ಹಿಡಿಕೆಯಲ್ಲಿ ಅವರ ಹೆಬ್ಬೆರಳು ಸವೆಸಿದ ಒಂದು ತಗ್ಗಿದೆ. ಮೊದಮೊದಲು ನನ್ನ ಬೆರಳು ಅದರಲ್ಲಿ ಕೂರುತ್ತಿರಲಿಲ್ಲ. ಈಗ ಕೂರುತ್ತದೆ. ಬೆರಳು ಹೊಂದಿತೋ, ತಗ್ಗೇ ನನ್ನ ಕೈಗೆ ಸವೆಯಿತೋ ಗೊತ್ತಿಲ್ಲ. ಸವೆದಿದ್ದರೆ ಅವರ ಗುರುತನ್ನು ನಾನೇ ಅಳಿಸಿದ ಹಾಗಾಯಿತಲ್ಲ ಎಂದು ಕೆಲಸ ನಿಲ್ಲಿಸಿ ಕೂತೆ.

ಮುಚ್ಚಳ ಹಂಚಿಗೆ ತಾಗದೆ ಸರಿಯಾಗಿ ಕೂತಿತು. ಮೊಳೆ ಹೊಡೆದುಬಿಡಿ ಎಂದರು. ಗ್ಯಾಸ್ ಒಲೆಯ ಮೇಲೆ ಮೊಳೆ ಹೊಡೆಯುವುದಿಲ್ಲ, ಭಾರಕ್ಕೆ ತಾನೇ ಕೂರುತ್ತದೆ ಎಂದೆ. ರೆಗ್ಯುಲೇಟರ್ ಬಂದ್ ಮಾಡಿಸಿದೆ. ಅವರು ಮೇಲೊಂದು ಟವೆಲ್ ಹಾಸಿ ರೇಡಿಯೋ ಇಟ್ಟು, ಚಲೋ ಆತು ಎಂದರು. ಕೆಲಸವೇನೋ ಚಲೋ ಆಗಿತ್ತು. ಬಸ್ಸಿನಲ್ಲಿ ಬರುವಾಗ, ಒಲೆ ಅಷ್ಟು ಚಲೋ ಮುಚ್ಚಿಹೋಗಿದ್ದಕ್ಕೇ ಮನಸ್ಸಿಗೆ ಕಷ್ಟವಾಯಿತು.

ಮಳೆಗಾಲ ಕಳೆದು ಹಿಂಗಾರಿ ಬಿತ್ತನೆ ಮುಗಿಯುವ ಹೊತ್ತಿಗೆ ಅವರ ಫೋನು ಬಂತು. ಯಾರೆಂದು ಗುರುತು ಹೇಳಿ, ಸುತ್ತುಬಳಸದೆ ಹೇಳಿದರು:

"ಮುಚ್ಚಳಾ ಎತ್ತರ ಆತ್ರಿ ಅಕ್ಕಾರ. ಉಳ್ಳಾಗಡ್ಡಿ ಹೆಚ್ಚಾಕ ಬರವಲ್ದು, ರಟ್ಟಿ ನೋಯ್ತಾವ."

ಯಾಕೆ, ಏನು ಎಂದು ಫೋನಿನಲ್ಲಿ ಕೇಳಲಿಲ್ಲ. ಗರಗಸ, ರಂದಾ ಚೀಲಕ್ಕೆ ಹಾಕಿಕೊಂಡು ಹೋದೆ. ನೇಕಾರರ ಹೆಂಡತಿ ಮಗುವನ್ನೆತ್ತಿಕೊಂಡು ಬಂದು ಹೊಸ್ತಿಲ ಮೇಲೆ ಕೂತಳು. ಮುಚ್ಚಳ ಗೋಡೆಗೆ ಒರಗಿತ್ತು. ರೇಡಿಯೋ ಕಿಟಕಿಗೆ ಹೋಗಿತ್ತು. ಹಂಚು ಒಲೆಯ ಮೇಲೆಯೇ ಇತ್ತು, ಆದರೆ ಎಣ್ಣೆ ಸವರಿ ಕರ್‍ರಗೆ ಹೊಳೆಯುತ್ತಿತ್ತು.

ನಾನು ಪಟ್ಟಿಗಳಿಗೆ ಗುರುತು ಹಾಕುತ್ತಿದ್ದಾಗ ಅವರು ತಾವಾಗಿಯೇ ಹೇಳಿದರು. ಖಾನಾವಳಿಯವರ ಮಗಳ ಮದುವೆ. ಕೆಲವು ದಿನ ಬಂದ್ ಇತ್ತು. ಚಹಾದ ಮಟ್ಟಿಗಾದರೂ ಒಲೆ ಬೇಕೆಂದು ಮುಚ್ಚಳ ಎತ್ತಿದರು. ಒಳಗೆ ಮಳೆಗಾಲದ ಹಸಿಗೆ ಹಂಚಿನ ಮೇಲೆಲ್ಲ ಕೆಂಪಗೆ ತುಕ್ಕು.

"ಆಕಿ ನೋಡಿದ್ರ ಬೈತಿದ್ಲು" ಅಂದರು. "ಹಂಚಿಗೆ ತುಕ್ಕು ಹತ್ತಾಕ ಬಿಟ್ಟಾಕಿ ಅಲ್ಲ."

ಅಂದು ಮಧ್ಯಾಹ್ನವೆಲ್ಲ ಕೂತು ಇಟ್ಟಂಗಿ ಪುಡಿಯಿಂದ ತಿಕ್ಕಿದರಂತೆ. ತಿಕ್ಕಿ, ತೊಳೆದು, ಎಣ್ಣೆ ಹಚ್ಚಿ ಒಲೆಯ ಮೇಲಿಟ್ಟು ಕಾಯಿಸಿದರು. ಕಾದ ಹಂಚನ್ನು ಖಾಲಿ ಇಳಿಸಲು ಮನಸ್ಸಾಗಲಿಲ್ಲ. ಹಿಟ್ಟು ಕಲಸಿ ಒಂದಿಷ್ಟು ತಾಲಿಪೆಟ್ಟು ತಟ್ಟಿದರು. ಅರ್ಧ ಸುಟ್ಟಿತು, ಅರ್ಧ ತಿಂದೆ ಎಂದರು.

ನಾನು ಎತ್ತರ ಕೊಯ್ದೆ. ಅವರು ಕೇಳದಿದ್ದರೂ ನಡುವೆ ಸೀಳಿ ಎರಡು ತುಂಡು ಮಾಡಿ, ಒಳಬದಿಗೆ ತಗಡು ಬಡಿದೆ. ಹಿಡಿದುಕೊಳ್ಳಿ ಎಂದಾಗ ಅವರು ಸ್ಟೇರಿಂಗ್ ಹಿಡಿದ ಹಾಗೆ ಎರಡೂ ಕೈಯಿಂದ ಬಿಗಿಯಾಗಿ ಹಿಡಿದರು. ಕೆಲಸ ಮುಗಿದ ಮೇಲೆ ಒಂದು ಕಡೆ ಚಹಾಕ್ಕಿಟ್ಟು, ಇನ್ನೊಂದು ಕಡೆಯ ಹಲಗೆಯ ಮೇಲೆ ಕಪ್ಪುಗಳನ್ನು ಜೋಡಿಸಿದರು. ನಮಗಿಬ್ಬರಿಗೂ ಚಹಾ ಕೊಡುತ್ತ ನನ್ನನ್ನು ಕೇಳಿದರು:

"ನಿಮ್ಮ ಮನ್ಯಾಗ ಯಾರ್‍ಯಾರು ಅದಾರ್ರಿ?"

ಅಷ್ಟೊಂದು ಅಡಿಗೆಮನೆಗಳ ಅಳತೆ ತೆಗೆದಿದ್ದೆ. ಎಷ್ಟು ಮಂದಿಗೆ ಅಡಿಗೆ ಎಂದು ಎಲ್ಲರನ್ನೂ ಕೇಳುತ್ತಿದ್ದವಳು ನಾನು. ನನ್ನನ್ನು ಯಾರೂ ಕೇಳಿರಲಿಲ್ಲ.

"ನಾ ಒಬ್ಬಾಕಿನ ರಿ."

ಅವರು ತಮ್ಮ ಕಪ್ಪನ್ನು ಹಲಗೆಯ ಮೇಲಿಟ್ಟರು.

"ಹಂಗಾರ ನಿಮಗ ಗೊತ್ತೈತಿ" ಅಂದರು.

ಚಹಾದಲ್ಲಿ ಸಕ್ಕರೆ ಬಹಳವಾಗಿತ್ತು, ಪೂರಾ ಕುಡಿದೆ. ಏನಾದರೂ ಸಡಿಲಾದರೆ ಫೋನ್ ಮಾಡಿ ಎಂದು ಹೇಳಿ ಹೊರಟೆ. ಅವರು ಓಣಿಯ ತುದಿಯವರೆಗೂ ಬಂದು, ರೋಣದ ಬಸ್ಸು ಎಷ್ಟೊತ್ತಿಗೆ, ಯಾವ ಕಡೆ ಕೂತರೆ ಬಿಸಿಲು ಬೀಳುವುದಿಲ್ಲ ಎಂದು ತಿಳಿಸಿದರು.

ಅವರ ಫೋನು ಮತ್ತೆ ಬಂದಿಲ್ಲ. ಸರಿಯಾಗಿ ಕೂತ ಕೆಲಸಕ್ಕೆ ಯಾರೂ ಮತ್ತೆ ಕರೆಯುವುದಿಲ್ಲ, ಈ ಕಸುಬೇ ಹಾಗೆ. ನೇಕಾರರ ಹೆಂಡತಿಯಿಂದ ಆಗಾಗ ಸುದ್ದಿ ಬರುತ್ತದೆ: ಈಗ ಅವರು ಕಡಲೆಹಿಟ್ಟಿನ ಜುಣಕ ಮಾಡುವುದು ಕಲಿತಿದ್ದಾರೆ, ಹೆಚ್ಚಾದರೆ ಎದುರು ಮನೆಗೂ ಕೊಡುತ್ತಾರೆ. ನನಗೂ ಕೆಲಸವಿದೆ. ನರಗುಂದದಲ್ಲಿ ತಮ್ಮನ ಸೊಸೆಗೊಂದು ಮಾಡಿಕೊಟ್ಟೆ, ಅವಳ ಓಣಿಯವರು ಇನ್ನಷ್ಟು ಕೇಳಿದ್ದಾರೆ. ಗಜೇಂದ್ರಗಡಕ್ಕೆ ಹೋದಾಗ ಕೆಲವೊಮ್ಮೆ ಆ ಡ್ರೈವರರ ಓಣಿಯ ತಿರುವಿನಲ್ಲಿ ಒಗ್ಗರಣೆಯ ವಾಸನೆ ಬರುತ್ತದೆ. ಯಾರ ಮನೆಯದೋ. ಒಳಗೆ ಹೋಗಿ ಕೇಳಲು ನನಗೊಂದು ನೆಪ ಬೇಕು, ಅದು ಸಿಗುವುದಿಲ್ಲ. ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡು, ಅಳತೆಗೆ ಕಾಯುತ್ತಿರುವ ಮನೆಯ ಕಡೆ ನಡೆಯುತ್ತೇನೆ.