ಕಣದ ಮೇಲೆ ಹಳಿ

ನಮ್ಮ ಶಾಲೆಯಲ್ಲಿ ಪ್ರಾರ್ಥನೆ ಮುಗಿದ ಮೇಲೆ ದಿನಕ್ಕೊಂದು ಮಗು ಪೇಪರ್ ಓದಬೇಕು. ಹೋದ ತಿಂಗಳು ಏಳನೇ ತರಗತಿಯ ಹುಡುಗಿಯೊಬ್ಬಳು ಗಂಟಲು ಸರಿಮಾಡಿಕೊಂಡು ಓದಿದಳು: ರೈಲು ಅಪಘಾತಗಳು ವರ್ಷದಿಂದ ವರ್ಷಕ್ಕೆ ಇಳಿಯುತ್ತಿವೆ, ಸಾಯುವವರ ಸಂಖ್ಯೆಯೂ ಇಳಿದಿದೆ. ಸುದ್ದಿಯ ಪಕ್ಕದಲ್ಲಿ ಮೆಟ್ಟಿಲಿನ ಹಾಗೆ ಇಳಿಯುವ ಕಂಬಗಳ ಚಿತ್ರ. ಹೆಡ್‌ಮಾಸ್ಟರು ಚಪ್ಪಾಳೆ ತಟ್ಟಿಸಿದರು. ನನಗೆ ಮೈಯೆಲ್ಲ ಉರಿದುಹೋಯಿತು. ಆ ಕಂಬಗಳ ಪೈಕಿ ಯಾವುದರಲ್ಲೂ ನನ್ನ ಅಕ್ಕ ಇಲ್ಲ.

ನಾನು ಮಧುಗಿರಿ ಕಡೆ ಮೇಷ್ಟ್ರಾಗಿದ್ದರೂ ನಮ್ಮೂರು ಪಾವಗಡ ತಾಲ್ಲೂಕಿನದು. ಎರಡೂ ಕಡೆಯವರಿಗೆ ರೈಲೆಂದರೆ ತುಮಕೂರಿಗೋ ಹಿಂದೂಪುರಕ್ಕೋ ಹೋದಾಗ ನೋಡಿ ಬರುವ ವಸ್ತು. ಹೊಸ ಹಳಿಗೆಂದು ಜಮೀನು ಹಿಡಿದಾಗ ನಮ್ಮ ಹೊಲ ಎರಡು ಹೋಳಾಯಿತು. ನಡುವೆ ಇದ್ದ ಕಣವೂ ಹೋಯಿತು. ತಾತನ ಕಾಲದಿಂದ ರಾಗಿ, ಹುರುಳಿ ಒಕ್ಕಿದ ಕಣ. ಹಳಿ ಹಾಕಿ, ಜಲ್ಲಿ ಸುರಿದು ಹೋದ ಗುತ್ತಿಗೆದಾರ ವರ್ಷಗಟ್ಟಲೆ ಆ ಕಡೆ ತಲೆ ಹಾಕಲಿಲ್ಲ. ಊರವರು ಅದರ ಮೇಲೆ ಕುರಿ ಹೊಡೆದರು, ಹುಣಸೆಹಣ್ಣು ಒಣಗಿಸಿದರು. ಖಾಲಿ ಬಿದ್ದ ಜಾಗವನ್ನು ಸುಮ್ಮನೆ ಬಿಡುವ ಜನ ನಾವಲ್ಲ.

ಹುರುಳಿಯನ್ನು ನಮ್ಮ ಕಡೆ ಟಾರ್ ರಸ್ತೆಗೆ ಹರಡುತ್ತಾರೆ. ಬಸ್ಸು, ಲಾರಿ ಮೇಲೆ ಹರಿದರೆ ಕಾಳು ತಾನೇ ಉದುರುತ್ತದೆ. ನಡುವೆ ಸೊಪ್ಪನ್ನು ತಿರುವಿ ಹಾಕಬೇಕೆಂದರೆ ಕೈ ಅಡ್ಡ ಹಿಡಿದರಾಯಿತು. ಡ್ರೈವರ್ ಬೈಯುತ್ತಲೇ ನಿಲ್ಲಿಸುತ್ತಾನೆ. ಅಕ್ಕ ಎದುರು ಬೈದು, ಅವನನ್ನು ನಗಿಸಿ ಕಳಿಸುವವಳು. ಮದುವೆಯಾದ ಮೇಲೂ ಭಾವನ ಜೊತೆ ಊರಲ್ಲೇ ಇದ್ದು ಹೊಲ ನೋಡಿಕೊಂಡವಳು ಅವಳೇ. ಗಾಡಿಜಾಡು ಹಳಿ ದಾಟುವ ಕಡೆ ಸಿಮೆಂಟ್ ಚಪ್ಪಡಿ ಹಾಸಿದ್ದರು. ಹಳೆಯ ಕಣ ಇದ್ದದ್ದು ಸರಿಯಾಗಿ ಅಲ್ಲೇ. ಅಕ್ಕ ಅಲ್ಲಿ ಹುರುಳಿ ಹರಡಿ ಕೋಲಿನಿಂದ ಬಡಿಯತೊಡಗಿದಳು.

ಒಂದು ಭಾನುವಾರ ನಾನು ಊರಿಗೆ ಹೋದಾಗ ಕೇಳಿದಳು: "ಲೇ, ನೀನು ರೈಲಲ್ಲಿ ಓಡಾಡ್ದೋನು. ಇಲ್ಲಿಗೆ ರೈಲು ಬಂದ್ರೆ ಹೆಂಗ್ಲಾ? ಕೈ ಅಡ್ಡ ಹಿಡುದ್ರೆ ನಿಲ್ಲಿಸ್ತಾನಾ?"

"ನಿನ್ ಬಾಯಿಗೆ ಬಸ್ಸೇ ನಿಲ್ತೈತೆ, ರೈಲು ನಿಲ್ಲಲ್ವೇನಕ್ಕ?" ಅಂದೆ.

ಇಬ್ಬರೂ ನಕ್ಕೆವು. ನಾನು ತಮಾಷೆಗೆ ನಕ್ಕಿದ್ದೆ. ಅವಳು ಸಮಾಧಾನವಾಗಿ ನಕ್ಕಿದ್ದಳು. ಓದಿದ ತಮ್ಮ ಹೇಳಿದ ಮೇಲೆ ಅವಳಿಗೆ ಅದು ಮುಗಿದ ಮಾತು.

ಮರುವರ್ಷದ ಸುಗ್ಗಿಯಲ್ಲಿ, ಹಾಡಹಗಲಲ್ಲಿ, ಗುತ್ತಿಗೆದಾರನ ಜಲ್ಲಿ ತುಂಬಿದ ರೈಲುಗಾಡಿ ಬಂತು. ಡಂಗುರ ಇಲ್ಲ, ಕೆಂಪು ಬಾವುಟ ಹಿಡಿದವರಿಲ್ಲ. ಯಾವುದೋ ಗೋಡೆಗೆ ನೋಟಿಸ್ ಅಂಟಿಸಿದ್ದರಂತೆ. ಯಾವ ಗೋಡೆ ಎಂದು ಇವತ್ತಿಗೂ ಯಾರೂ ತೋರಿಸಿಲ್ಲ. ಹೊಲದಲ್ಲಿದ್ದ ಭಾವ ಕಣ್ಣಾರೆ ಕಂಡರು.

"ಹಾರನ್ ಹೊಡುದ್ರೆ ಇವ್ಳು ಅಲ್ಲಿಂದ್ಲೇ ಬೈದ್ಲು. ಆಮೇಲೆ ಹುರುಳಿ ಮುಂದೆ ನಿಂತ್ಕಂಡು ಕೈ ಅಡ್ಡ ಹಿಡುದ್ಲು. ನಿಲ್ಲಿಸ್ತಾನೆ ಅಂತ್ಲೇ ಇದ್ಲು ಕಣಪ್ಪ, ಕೊನೇವರ್ಗೂ."

ಡ್ರೈವರ್ ಬ್ರೇಕ್ ಹಾಕಿದನಂತೆ. ಗಾಡಿ ನಿಂತದ್ದು ಎಷ್ಟೋ ದೂರ ಹೋಗಿ.

ಪೊಲೀಸರು ಮಹಜರು ಬರೆದಾಗ ನಮ್ಮ ಮನೆಯವರಲ್ಲಿ ಓದು ಬಲ್ಲವನು ನಾನೊಬ್ಬನೇ. ಸಹಿ ಹಾಕಿ ಎಂದರು, ಹಾಕಿದೆ. ಕಣ್ಣಿಗೆ ಅಕ್ಷರ ಕಾಣುತ್ತಿರಲಿಲ್ಲ. ಆಮೇಲೆ ನಕಲು ತಂದು ಓದಿದರೆ, "ಮೃತಳು ಹಳಿಯ ಮೇಲೆ ಅತಿಕ್ರಮವಾಗಿ ಪ್ರವೇಶಿಸಿ" ಎಂದಿತ್ತು. ಅತಿಕ್ರಮವಂತೆ! ತಾತನ ಕಣಕ್ಕೆ ಮೊಮ್ಮಗಳು ಅತಿಕ್ರಮವಾಗಿ ಪ್ರವೇಶಿಸಿದಳಂತೆ. ಅದು ಅಪಘಾತ ಎಂದು ಬರೆಯಿರಿ ಸ್ವಾಮಿ, ಅಷ್ಟು ಸಾಕು ಎಂದು ಕಚೇರಿಯಿಂದ ಕಚೇರಿಗೆ ಅಲೆದೆ. ಕೊನೆಗೆ ಒಬ್ಬ ಗುಮಾಸ್ತ ಕೂರಿಸಿ ಬಿಡಿಸಿ ಹೇಳಿದ. ಗಾಡಿ ಹಳಿ ತಪ್ಪಿದರೆ, ಇನ್ನೊಂದಕ್ಕೆ ಗುದ್ದಿದರೆ ಅದು ಅಪಘಾತ. ಹಳಿ ಮೇಲಿದ್ದವರು ಸತ್ತರೆ ಅದರ ಪಟ್ಟಿಯೇ ಬೇರೆ.

"ರೈಲಿಗೇನೂ ಆಗಿಲ್ವಲ್ಲ ಸಾರ್," ಅಂದ. "ಸೈನ್ ಬೇರೆ ನಿಮ್ದೇ ಐತೆ."

ಹೊಡೆಯಬೇಕು ಅನ್ನಿಸಿತು. ಯಾರಿಗೆ ಹೊಡೆಯುವುದು? ಅವನು ಹೇಳಿದ್ದು ಎರಡೂ ನಿಜ.

ನಮ್ಮಮ್ಮನಿಗೆ ಸಿಟ್ಟು ಬಂದರೆ ಕನ್ನಡ, ಅಳು ಬಂದರೆ ತೆಲುಗು. ಅವತ್ತು ನಾನು ಮನೆಗೆ ಬಂದರೆ ಕನ್ನಡದಲ್ಲೇ ಕೇಳಿದಳು: "ಏನಂತ ಬರ್ದವ್ರೆ ನನ್ ಮಗ್ಳನ್ನ?" ಅಪಘಾತ ಅಂತ ಬರೆದಿದ್ದಾರಮ್ಮ ಎಂದು ಸುಳ್ಳು ಹೇಳಿದೆ. ಪೇಪರಿನ ಆ ಕಂಬಗಳಿಗೆ ಚಪ್ಪಾಳೆ ಬಿದ್ದಾಗ ನನಗೆ ಮೈ ಉರಿದದ್ದು ಇದಕ್ಕೇ. ಹಳಿ ತಪ್ಪುವ ಗಾಡಿಗಳು ಕಡಿಮೆಯಾಗಿರಬಹುದು, ಒಳ್ಳೆಯದೇ. ಆದರೆ ಸತ್ತವರನ್ನು ಬೇರೆ ಪಟ್ಟಿಗೆ ದಬ್ಬಿ, ಸಾವು ಇಳಿಯಿತು ಎಂದು ಮಕ್ಕಳ ಕೈಲಿ ಓದಿಸುವುದು ಯಾವ ನ್ಯಾಯ?

ಆ ಹುಡುಗಿ ಪೇಪರ್ ಓದಿದ ಮಾರನೇ ದಿನ ಪ್ರಾರ್ಥನೆ ಮುಗಿದ ಕೂಡಲೇ ನಾನೇ ಎದ್ದು ನಿಂತೆ. ಪಟ್ಟಿಯ ವಿಷಯವನ್ನೆಲ್ಲ ಹೇಳಬೇಕೆಂದು ರಾತ್ರಿಯೇ ಬರೆದುಕೊಂಡಿದ್ದೆ. ಆದರೆ ಮೊದಲು ಬಾಯಿಗೆ ಬಂದದ್ದು ಬೇರೆ.

"ಮಕ್ಕಳೇ, ಕೈ ಅಡ್ಡ ಹಿಡಿದರೆ ರೈಲು ನಿಲ್ಲುತ್ತಾ?"

"ನಿಲ್ತೈತೆ ಸಾ!" ಎಂದು ಇಡೀ ಶಾಲೆ ಕೂಗಿತು. ಪೇಪರ್ ಓದಿದ್ದ ಹುಡುಗಿಯ ದನಿ ಎಲ್ಲರಿಗಿಂತ ಜೋರಾಗಿತ್ತು.