ಎಡಗೈಗೆ ಒಲಿದ ಕ್ರೋಶಾ

ನಲವತ್ತೇಳನೆಯ ವಯಸ್ಸಿನಲ್ಲಿ ನಾನು ಕ್ರೋಶಾ ಹೆಣಿಗೆ ಕಲಿಯಲು ಕುಳಿತದ್ದು ಒಂದು ದಿಂಬಿನ ಹೊದಿಕೆಯ ಆಸೆಗೆ. ಮಹಾರಾಷ್ಟ್ರದ ಗಡಿಯ ಜತ್ತ ತಾಲ್ಲೂಕಿನ ಪ್ರಾಥಮಿಕ ಶಾಲೆಯೊಂದರ ಕನ್ನಡ ವಿಭಾಗದಲ್ಲಿ ನಾನು ಶಿಕ್ಷಕಿ. ಮರಾಠಿ ವಿಭಾಗಕ್ಕೆ ಹೊಸದಾಗಿ ಬಂದ ಶಿಕ್ಷಕಿಯೊಬ್ಬಳು ಮಧ್ಯಾಹ್ನ ಬುತ್ತಿ ಉಂಡ ಮೇಲೆ ಕೊಕ್ಕೆಸೂಜಿ ಹಿಡಿದು ಕೂರುತ್ತಿದ್ದಳು. ಅವಳು ಮಾಡಿದ ಹೊದಿಕೆಯ ನಡುವೆ ಕೆಂಪು ಬಟ್ಟೆಯಲ್ಲಿ ಕತ್ತರಿಸಿ ಹೊಲಿದ ದಾಳಿಂಬೆ, ಸುತ್ತಲೂ ಬಿಳಿ ದಾರದ ಜಾಲರಿ. ಬಟ್ಟೆಯ ಮೇಲೆ ಬಟ್ಟೆ ಹಚ್ಚುವ ಆ ಕೆಲಸಕ್ಕೆ ಆಪ್ಲಿಕ್ ಅನ್ನುತ್ತಾರೆಂದು ಅವಳೇ ಹೇಳಿದಳು.

"ನಿಮಗೂ ಕಲಸ್ತೀನ್ರಿ ಅಕ್ಕಾ. ವಾರದಾಗ ಬರತೈತಿ," ಅಂದಳು.

ಬರಲಿಲ್ಲ. ಮೊದಲು ಸಾಖಳಿ, ಅಂದರೆ ಕುಣಿಕೆಯೊಳಗಿಂದ ಕುಣಿಕೆ ಎಳೆದ ಸರಪಳಿ. ಆಮೇಲೆ ಅದರ ಮೇಲೆ ನಿಲ್ಲುವ ಖಾಂಬ, ನಮ್ಮ ಕಂಬ. ನನ್ನದು ಸರಪಳಿಯಲ್ಲೇ ನಿಂತಿತು. ಒಂದು ಕುಣಿಕೆ ಸೂಜಿ ತೂರದಷ್ಟು ಬಿಗಿ, ಇನ್ನೊಂದು ಬೆರಳು ತೂರುವಷ್ಟು ಸಡಿಲ. ಆಪ್ಲಿಕ್ ಇನ್ನೂ ಕಷ್ಟ. ಕತ್ತರಿಸಿದ ತುಂಡಿನ ಅಂಚನ್ನು ಸೂಜಿಯ ಮೊನೆಯಿಂದಲೇ ಒಳಗೆ ಮಡಚುತ್ತ, ದಾರ ಕಾಣದಂತೆ ಹೊಲಿಯಬೇಕು. ನನ್ನ ದಾಳಿಂಬೆ ಇಲಿ ಕಡಿದ ಹಾಗಿತ್ತು. ಒಂದೂವರೆ ತಿಂಗಳಾದ ಮೇಲೆ ಅವಳೂ ಸುಮ್ಮನಾದಳು. ನನ್ನ ಕೈಯೇ ಮೊಂಡು ಎಂದುಕೊಂಡೆ. ನನ್ನ ಅಕ್ಷರವೂ ಮೊದಲಿನಿಂದ ಸೊಟ್ಟ.

ಒಂದು ಶನಿವಾರ ಬೆಳಿಗ್ಗೆ ರೊಟ್ಟಿ ತಿರುವಿ ಹಾಕುವಾಗ ಹಂಚು ತಾಗಿ ಬಲಗೈಯ ಎರಡು ಬೆರಳು ಸುಟ್ಟವು. ಶಾಲೆಯಿಂದ ಬಂದು, ಬೆರಳಿಗೆ ಪಟ್ಟಿ ಕಟ್ಟಿಕೊಂಡು ಸುಮ್ಮನೆ ಕುಳಿತಿದ್ದೆ. ಪಕ್ಕದಲ್ಲಿ ದಾರದ ಚೀಲ. ಮಾಡಲು ಬೇರೇನೂ ಇರಲಿಲ್ಲವೆಂದು ಸೂಜಿಯನ್ನು ಎಡಗೈಯಲ್ಲಿ ಹಿಡಿದೆ, ಅಷ್ಟೇ.

ಸರಪಳಿ ಓಡತೊಡಗಿತು. ಒಂದರ ಹಿಂದೆ ಒಂದು, ಎಲ್ಲ ಒಂದೇ ಅಳತೆಯ ಕುಣಿಕೆಗಳು. ನಾನು ಕಲಿಸದೆಯೇ ಎಡಗೈಗೆ ಎಲ್ಲ ಗೊತ್ತಿತ್ತು. ನನಗೆ ಸಂತೋಷವಾಗಲಿಲ್ಲ, ಹೆದರಿಕೆಯಾಯಿತು. ಸೂಜಿ ಕೆಳಗಿಟ್ಟು ಮುಖ ತೊಳೆದುಕೊಂಡು ಬಂದು ಮತ್ತೆ ಹಿಡಿದೆ. ಮತ್ತೆ ಹಾಗೆಯೇ. ಸಂಜೆಯೊಳಗೆ ಸರಪಳಿಯ ಮೇಲೆ ಎರಡು ಸಾಲು ಕಂಬ ನಿಂತವು.

ಮರುದಿನ ಬಸ್ಸು ಹಿಡಿದು ತವರಿಗೆ, ಕರಜಗಿಗೆ ಹೋದೆ. ಅವ್ವ ಕಟ್ಟೆಯ ಮೇಲೆ ಕುಳಿತು ತೊಗರಿಬೇಳೆ ಹಸನು ಮಾಡುತ್ತಿದ್ದಳು. ಚೀಲದಿಂದ ದಾರ ತೆಗೆದು ಅವಳ ಮುಂದೆ ಎಡಗೈಯಿಂದ ಹೆಣೆದು ತೋರಿಸಿದೆ. ನಗುತ್ತಾಳೆ ಅಂದುಕೊಂಡಿದ್ದೆ. ಅವಳ ಕೈ ಮೊರದಲ್ಲೇ ನಿಂತಿತು.

"ಅವ್ವಾ, ನಾ ಸಣ್ಣಾಕಿ ಇದ್ದಾಗ ಎಡಚಿ ಇದ್ನೇನ?"

ಅವ್ವ ಮೊರವನ್ನು ಪಕ್ಕಕ್ಕೆ ಸರಿಸಿದಳು. "ಹೌದವಾ. ಎಡಗೈಲೇ ಉಣ್ಣಾಕಿ. ಮಂದಿ ಆಡ್ಕೊಳ್ಳಾವ್ರು. ನಿಮ್ಮ ಆಯಿ ಹಳೇ ಧೋತರದ ಪಟ್ಟಿ ಹರದು ನಿನ್ನ ಕೈ ಸೊಂಟಕ್ಕ ಕಟ್ಟಿದ್ಲು."

"ಎಷ್ಟ ದಿನ?"

"ನಿನಗ ನಾಕ ವರ್ಷ ಆಗ. ಸೀಗಿ ಹುಣ್ಣಿವಿಗೆ ಕಟ್ಟಿದ್ದು. ಹೋಳಿ ಹುಣ್ಣಿವಿಗೆ ಬಿಚ್ಚಿದ್ವಿ. ಮಲಗೂ ಮುಂದ ನಾ ಬಿಚ್ಚತಿದ್ನಿ."

ನಾಲ್ಕು ವರ್ಷದ ಮಗುವಿನ ಕೈಯನ್ನು ಅಜ್ಜಿ ಐದು ತಿಂಗಳು ಕಟ್ಟಿಹಾಕಿದ್ದಳು. ನನಗೆ ಅದರ ಒಂದು ಎಳೆಯೂ ನೆನಪಿಲ್ಲ. ಅವ್ವ ಅಷ್ಟಕ್ಕೇ ನಿಲ್ಲಿಸಿದ್ದರೆ ನಾನು ತಡೆದುಕೊಳ್ಳುತ್ತಿದ್ದೆನೇನೋ.

"ಆಗಿಂದ ನೀ ತೊದಲಾಕ ಹತ್ತಿದಿ," ಅಂದಳು.

ಶಾಲೆಯಲ್ಲಿ ನಾಲ್ಕನೇ ಇಯತ್ತೆಯವರೆಗೆ ನಾನು ತೊದಲುತ್ತಿದ್ದದ್ದು ನಿಜ. ಆದರೆ ಅದು ನಾಯಿಯಿಂದ ಬಂದದ್ದು. ಹಿತ್ತಲಲ್ಲಿ ಒಂದು ಹಳದಿ ನಾಯಿ ನನ್ನ ಮೈಮೇಲೆ ಹಾರಿತ್ತು, ಅದರ ಒಂದು ಕಿವಿ ಹರಿದಿತ್ತು. ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದ ಮಾತು, ನನ್ನ ಕಣ್ಣಿಗೆ ಕಟ್ಟಿದ ನೆನಪು. ಇಂದಿಗೂ ನಾಯಿ ಕಂಡರೆ ರಸ್ತೆಯ ಆಚೆಗೆ ಹೋಗುವವಳು ನಾನು.

"ಅದು ನಾಯಿಗೆ ಅಂಜಿ ಅಲ್ಲೇನ ಅವ್ವಾ?"

"ನಾಯಿ ಯಾವ್ದೂ ಇದ್ದಿದ್ದಿಲ್ಲ ಮಗಳ. ಕೇಳಿದವ್ರಿಗೆ ಏನರ ಹೇಳಬೇಕಲ್ಲ, ನಿಮ್ಮ ಆಯಿ ಹಂಗ ಹೇಳಾಕಿ."

ಹರಿದ ಕಿವಿಯನ್ನು ಕಂಡದ್ದು ಯಾರು ಹಾಗಾದರೆ? ಅದರ ಬಿಸಿ ಉಸಿರು ನನ್ನ ಮುಖಕ್ಕೆ ಬಡಿದದ್ದು? ಅವ್ವ ನನ್ನ ಎಡಗೈಯನ್ನು ತನ್ನ ಮಡಿಲಿಗೆ ಎಳೆದುಕೊಂಡು ಮಣಿಕಟ್ಟನ್ನು ತಿಕ್ಕತೊಡಗಿದಳು. ಅವಳ ಮೇಲೆ ಸಿಟ್ಟು ಬರಬೇಕಿತ್ತು. ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ, ಅಷ್ಟೇ. ಉಣ್ಣಲು ಕರೆದಳು. ಹಸಿವಿಲ್ಲವೆಂದೆ.

ತಿರುಗಿ ಬರುವಾಗ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತಿದ್ದೆ. ಇದ್ದಕ್ಕಿದ್ದಂತೆ ನನ್ನ ಎರಡನೇ ಇಯತ್ತೆಯ ಹುಡುಗಿಯೊಬ್ಬಳು ಕಣ್ಣ ಮುಂದೆ ಬಂದಳು. ಕುರಿ ಮೇಯಿಸುವವರ ಮನೆಯವಳು, ಮಾಡಗ್ಯಾಳದ ಕಡೆಯಿಂದ ಬಂದವರು. ಶಾಲೆ ಸೇರಿದ ದಿನದಿಂದ ಎಡಗೈಯಲ್ಲಿ ಪೆನ್ಸಿಲ್ ಹಿಡಿಯುತ್ತಿದ್ದವಳನ್ನು ನಾನೇ ತಿದ್ದಿದ್ದೆ. ಬೈದಿರಲಿಲ್ಲ, ಹೊಡೆದಿರಲಿಲ್ಲ. ಪ್ರತಿಸಲ ನಗುನಗುತ್ತಲೇ ಪೆನ್ಸಿಲನ್ನು ಆ ಕೈಯಿಂದ ಈ ಕೈಗೆ ದಾಟಿಸಿದ್ದೆ. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಹೀಗೆ ಎಷ್ಟು ಕೈ ದಾಟಿಸಿದ್ದೇನೆಂದು ನೆನೆಯಲು ಹೋದೆ. ಎಣಿಸುತ್ತ ಹೋದಂತೆ ಎರಡೂ ಕೈಯ ಬೆರಳು ಮುಗಿದವು.

ಸೋಮವಾರ ತರಗತಿಯಲ್ಲಿ ಆ ಹುಡುಗಿಯ ಪಕ್ಕ ಕುಳಿತೆ. "ಇನ್ನ ಮ್ಯಾಲ ನಿನಗ ಬೇಕಾದ ಕೈಲೆ ಬರಿ," ಅಂದೆ.

ಅವಳು ಎಡಗೈಯನ್ನು ಫ್ರಾಕಿನ ಕೆಳಗೆ ಅಡಗಿಸಿಕೊಂಡಳು. "ಇಲ್ರಿ ಅಕ್ಕೋರ. ನಾ ಬಲಗೈಲೇ ಬರೀತೀನ್ರಿ."

ನನ್ನ ಮಾತನ್ನು ನಂಬಲು ಅವಳಿಗೆ ಕಾರಣವಿರಲಿಲ್ಲ. ಆ ವಾರವಿಡೀ ಬಲಗೈಯಲ್ಲೇ ಬರೆದಳು. ನಾನು ಮಧ್ಯಾಹ್ನದ ಬಿಡುವಿನಲ್ಲಿ ಮಕ್ಕಳು ಉಣ್ಣುವ ಪಡಸಾಲೆಯಲ್ಲಿ, ಎಲ್ಲರಿಗೂ ಕಾಣುವಂತೆ, ಎಡಗೈಯಿಂದ ಹೆಣೆಯುತ್ತ ಕುಳಿತೆ.

ಮರಾಠಿ ವಿಭಾಗದ ಗೆಳತಿಯ ಕಲಿಸುವ ರೀತಿಯೂ ಬದಲಾಯಿತು. ಪಕ್ಕದಲ್ಲಿ ಕೂರುವುದನ್ನು ಬಿಟ್ಟು ಎದುರಿಗೆ ಕುಳಿತಳು, ಕನ್ನಡಿಯಲ್ಲಿ ನೋಡಿದ ಹಾಗೆ ಅವಳ ಬಲಗೈ ನನ್ನ ಎಡಗೈ. ಎಡಚರ ಕತ್ತರಿಯನ್ನೂ ಅವಳೇ ಮಿರಜಿನಿಂದ ತಂದುಕೊಟ್ಟಳು. ಅದರಲ್ಲಿ ಮೊದಲ ಬಾರಿ ಬಟ್ಟೆ ಕತ್ತರಿಸಿದಾಗ ದಾಳಿಂಬೆಯ ಅಂಚು ಗುಂಡಗೆ, ನುಣ್ಣಗೆ ಬಂತು. ಗೆಳತಿ ಚಪ್ಪಾಳೆ ತಟ್ಟಿದಳು. ನಾನು ಕಣ್ಣೊರೆಸಿಕೊಂಡೆ.

ಮುಂದಿನ ಮಂಗಳವಾರ ಹಲಗೆಯ ಮೇಲೆ ಮಗ್ಗಿ ಬರೆದು ತಿರುಗಿದೆ. ಆ ಹುಡುಗಿ ತಲೆ ಬಗ್ಗಿಸಿ ಎಡಗೈಯಲ್ಲಿ ಬರೆಯುತ್ತಿದ್ದಳು. ನಾನು ನೋಡಿದ್ದು ಗೊತ್ತಾದರೆ ಎಲ್ಲಿ ಕೈ ಬದಲಿಸುತ್ತಾಳೋ ಎಂದು ಮತ್ತೆ ಹಲಗೆಯ ಕಡೆ ತಿರುಗಿ, ಬರೆದಿದ್ದ ಮಗ್ಗಿಯನ್ನೇ ಇನ್ನೊಮ್ಮೆ ನಿಧಾನವಾಗಿ ಬರೆಯತೊಡಗಿದೆ.